ಅವರ ಊರು ಉಳಿಯಿತು

ಹೋದ ವರ್ಷ ದಸರಾ ರಜೆಯಲ್ಲಿ ಮಗಳು ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ. ಮಧ್ಯಾಹ್ನದ ಹೊತ್ತು. ಅವಳು ಗೋಡೆಗೆ ಒರಗಿ ಕಾಲು ಚಾಚಿ ಕೂತು, ಎಷ್ಟನೆಯ ಸಲವೋ ಏನೋ, 'ಫ್ರೋಜನ್ 2' ಅನ್ನುವ ಡಿಸ್ನಿಯ ಕಾರ್ಟೂನ್ ಸಿನಿಮಾ ನೋಡುತ್ತಿದ್ದಳು. ನಾನು ಪಕ್ಕದಲ್ಲೇ ಶೇಂಗಾ ಸುಲಿಯುತ್ತಿದ್ದೆ. ಡ್ಯಾಮ್ ಒಡೆಯುವ ಜಾಗ ಬಂತು. ಅಲ್ಲಿಗೇ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಮಮ್ಮಿ, ಡ್ಯಾಮ್ ಒಡದ್ರ ಅವರ ಊರು ಮುಳಗತೈತಿ. ಡ್ಯಾಮ್ ಕಟ್ಟಿದ್ದಕ್ಕ ನಮ್ಮ ಊರು ಮುಳಗೇತಿ. ಇದ್ಹೆಂಗ ಉಲ್ಟಾ?"

ನಮ್ಮ ಊರು ಅಂದರೆ ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಹೋದ ಹಳೇ ಬಾಗಲಕೋಟೆಯ ಓಣಿ. ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು. ಐದು ವರ್ಷದಿಂದ ನಾನೂ ಈ ಸಿನಿಮಾ ನೋಡುತ್ತಾ ಬಂದಿದ್ದೇನೆ. ಪೂರ್ತಿ ಕೂತು ನೋಡಿದ್ದು ನಾಲ್ಕೈದು ಸಲ ಇರಬಹುದು. ಅಡುಗೆ ಮಾಡುತ್ತಾ, ಬಟ್ಟೆ ಮಡಚುತ್ತಾ ಕಿವಿಗೆ ಬಿದ್ದದ್ದಂತೂ ಲೆಕ್ಕವೇ ಇಲ್ಲ. ಡ್ಯಾಮ್ ದೃಶ್ಯ ಬಂದಾಗಲೆಲ್ಲ ಮನಸ್ಸಿಗೆ ಏನೋ ಚುಚ್ಚುತ್ತಿತ್ತು, ಅದೇನು ಅಂತ ಗೊತ್ತಾಗುತ್ತಿರಲಿಲ್ಲ. ಹತ್ತು ವರ್ಷದ ಹುಡುಗಿ ಎರಡು ಮಾತಿನಲ್ಲಿ ಅದನ್ನು ಎತ್ತಿ ಮುಂದಿಟ್ಟಳು.

ಉತ್ತರ ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸುಲಭ ಅನ್ನಿಸಿತು. ಹಿತ್ತಲಿಗೆ ಕರೆದುಕೊಂಡು ಹೋದೆ. ನಳ ಬಿಟ್ಟು, ನೀರು ಹರಿಯುವ ಕಡೆ ಇಬ್ಬರೂ ಸೇರಿ ಒಂದು ಗೇಣಿನ ಮಣ್ಣಿನ ಒಡ್ಡು ಹಾಕಿದೆವು. ಒಡ್ಡಿನ ಮುಂದೆ ಅವಳ ಒಂದು ಚಪ್ಪಲಿ ಇಟ್ಟೆ, ಹಿಂದೆ ಇನ್ನೊಂದು. ನೀರು ಮೆಲ್ಲಗೆ ಏರಿತು. ಸದ್ದಿಲ್ಲ, ಅಲೆ ಇಲ್ಲ. ಹಿಂದಿದ್ದ ಚಪ್ಪಲಿಯ ಅಂಚು ಒದ್ದೆಯಾಯಿತು, ಆಮೇಲೆ ಪಟ್ಟಿ, ಆಮೇಲೆ ಚಪ್ಪಲಿಯೇ ಎದ್ದು ತೇಲಿ ಪಕ್ಕಕ್ಕೆ ಹೊರಳಿತು. ಅವಳು ಒಡ್ಡನ್ನು ಕಾಲಿನಿಂದ ಒದ್ದಳು. ಮುಂದಿದ್ದ ಚಪ್ಪಲಿ ಒಂದೇ ಸಲಕ್ಕೆ ತುಳಸಿ ಕಟ್ಟೆಯ ತನಕ ಹೋಯಿತು. "ಓ, ಅವರು ಮುಂದಿನವರು, ನಾವು ಹಿಂದಿನವರು" ಅಂದಳು. ಹೌದು, ಅಷ್ಟೇ. ಆದರೆ ಆ ಅಷ್ಟರಲ್ಲಿ ಎಷ್ಟೊಂದಿದೆ ಅಂತ ಅವತ್ತಿನಿಂದ ಯೋಚನೆ ಮಾಡುತ್ತಲೇ ಇದ್ದೇನೆ.

ಎಮ್ಮೆ ಕರೆಯುವ ದನಿ

ಸಿನಿಮಾ ಬಂದದ್ದು 2019ರ ನವೆಂಬರ್‌ನಲ್ಲಿ. ಆ ವರ್ಷದ ಆಗಸ್ಟ್ ಹೇಗಿತ್ತು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಬಂದಿದ್ದವು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ನೀರು ನಿಂತಿತ್ತು. ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ನೀರು ಬಿಡುತ್ತಿದ್ದಾರೆ ಅಂತ ದಿನಾ ಸುದ್ದಿ. ಮುಧೋಳ ಕಡೆಯ ನಮ್ಮ ಬಳಗದ ಎರಡು ಮನೆಯವರು ಹದಿನೈದು ದಿನ ನಮ್ಮಲ್ಲೇ ಇದ್ದರು. ನೀರು ಇಳಿದ ಮೇಲೂ ಮನೆಯ ಮಾತೆಲ್ಲ ನೀರಿನದೇ.

ಮೂರು ತಿಂಗಳು ಕಳೆದ ಮೇಲೆ ಬೆಳಗಾವಿಯಲ್ಲಿರುವ ತಮ್ಮನ ಮನೆಗೆ ಹೋಗಿದ್ದೆವು. ಮಗಳಿಗೆ ಆಗ ಐದು ವರ್ಷ. ಮೊದಲನೆಯ ಭಾಗವನ್ನು ಮೊಬೈಲಿನಲ್ಲಿ ನೋಡಿ ನೋಡಿ, ಮನೆಯ ದುಪಟ್ಟಾಗಳೆಲ್ಲ ಅದರ ಹಿಮದ ರಾಣಿ ಎಲ್ಸಾಳ ಸೆರಗಾಗಿದ್ದವು. ಹೊಸದು ಬಂದಿದೆ ಅಂತ ತಮ್ಮ ಟಿಕೆಟ್ ತೆಗೆಸಿದ. ನಾನು, ಮಗಳು, ನಮ್ಮ ಅವ್ವ, ಮೂವರು ಹೋದೆವು. ಹಿಂದಿ ಶೋ. ಅವ್ವನಿಗೆ ಹಿಂದಿ ಅಷ್ಟಕ್ಕಷ್ಟೇ, ನಾನು ಕಿವಿಯಲ್ಲಿ ಹೇಳುತ್ತಾ ಇದ್ದೆ.

ಕತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಎಲ್ಸಾಳಿಗೆ ರಾತ್ರಿ ದೂರದಿಂದ ಒಂದು ದನಿ ಕೇಳಿಸುತ್ತದೆ. ಮಾತಿಲ್ಲದ, ಎತ್ತರದ, ತೆಳ್ಳನೆಯ ದನಿ. ನಾಲ್ಕೇ ಸ್ವರ. ಬೇರೆ ಯಾರಿಗೂ ಕೇಳಿಸುವುದಿಲ್ಲ, ಅವಳಿಗೆ ಮಾತ್ರ. ಅವ್ವ ನನ್ನ ಕಡೆ ಬಾಗಿ ಕೇಳಿದಳು, "ಯಾರವಾ ಅದು, ಎಮ್ಮಿ ಕರ್ಯಾಕತ್ತಾರೇನ?"

ಆಗ ಸುಮ್ನೆ ಕೈ ಒತ್ತಿ, "ಇಲ್ಲವಾ, ಅದು ಮಂತ್ರದ ದನಿ" ಅಂದೆ. ಎಷ್ಟೋ ದಿನದ ಮೇಲೆ ಓದಿ ತಿಳಿದೆ, ಅವ್ವ ಹೇಳಿದ್ದೇ ಸರಿ. ಸ್ವೀಡನ್, ನಾರ್ವೆ ಕಡೆ ಬೆಟ್ಟದಲ್ಲಿ ದನ ಮೇಯಿಸುವ ಹೆಣ್ಣುಮಕ್ಕಳು ಸಂಜೆ ಹೊತ್ತು ಹಸು, ಆಡುಗಳನ್ನು ಕರೆಯುವ ಒಂದು ರೀತಿಯ ಹಾಡಿಕೆ ಇದೆ. ಅದಕ್ಕೆ 'ಕುಲ್ನಿಂಗ್' ಅನ್ನುತ್ತಾರೆ. ಎತ್ತರದ ದನಿ ಕಣಿವೆ ದಾಟಿ ದೂರ ಹೋಗುತ್ತದೆ, ಅದಕ್ಕೇ ಅಷ್ಟು ಎತ್ತರ. ಸಿನಿಮಾದ ಆ ಕರೆ ಬಂದದ್ದು ಅದರಿಂದಲೇ. ಹಾಡಿದವಳು ನಾರ್ವೆಯ ಗಾಯಕಿ ಅರೋರಾ. ಅವ್ವ ಹಳೇ ಊರಿನಲ್ಲಿ ಹೊಳೆ ದಂಡೆಗೆ ನಿಂತು ಎಮ್ಮೆ ಕರೆದವಳು. ನೀರಿನಲ್ಲಿ ಬಿದ್ದುಕೊಂಡ ಎಮ್ಮೆಗೆ ಸಂಜೆಯಾದದ್ದೇ ಗೊತ್ತಾಗುವುದಿಲ್ಲ, ದನಿ ಹೊಳೆಯ ಮೇಲೆ ಹಾಸಿಕೊಂಡು ಹೋಗಿ ಅದರ ಕಿವಿಗೆ ಮುಟ್ಟಬೇಕು. ಇಡೀ ಥಿಯೇಟರಿನಲ್ಲಿ ಆ ಕರೆಯನ್ನು ಕರೆಯೆಂದೇ ಕೇಳಿಸಿಕೊಂಡವಳು ಅವಳೊಬ್ಬಳೇ ಇರಬೇಕು. ಇದನ್ನು ಅವಳಿಗೆ ಹೇಳಿದಾಗ, "ಮತ್ತ, ನಾ ಹೇಳಿದ್ನಿಲ್ಲೋ" ಅಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಿನಿಮಾದ ಕಾಡಿನ ಜನ, ನಾರ್ಥುಲ್ಡ್ರಾ ಅನ್ನುವವರು, ಉತ್ತರ ಯುರೋಪಿನ ಸಾಮಿ ಜನರ ನೆರಳಿನಲ್ಲಿ ಮೂಡಿದವರು. ಅದಕ್ಕಾಗಿ ಸಿನಿಮಾದವರು ಸಾಮಿ ಜನರ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು, ಅವರ ಸಲಹೆ ತೆಗೆದುಕೊಂಡು, ಉತ್ತರ ಸಾಮಿ ಭಾಷೆಯಲ್ಲೂ ಚಿತ್ರವನ್ನು ಕೊಟ್ಟರು. ಆ ಭಾಷೆ ಆಡುವವರು 20-25 ಸಾವಿರ ಜನ. ಅಷ್ಟು ಜನರ ಮಕ್ಕಳು ತಮ್ಮ ಮಾತಿನಲ್ಲಿ ಎಲ್ಸಾ, ಅವಳ ತಂಗಿ ಆನಾ ಇಬ್ಬರನ್ನೂ ಕೇಳಿದರು ಅಂತ ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಅದರ ಹಿಂದೆಯೇ ಹೊಟ್ಟೆ ಉರಿಯಿತು. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ನಮ್ಮ ಥಿಯೇಟರುಗಳಿಗೆ ಅದು ಬಂದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ನನ್ನ ಮಗಳು ಸಿನಿಮಾದಲ್ಲಿ ತಾಯಿ ಹಾಡುವ ಜೋಗುಳವನ್ನು ಹಿಂದಿಯಲ್ಲಿ ಗುನುಗುತ್ತಾ ಮಲಗುತ್ತಿದ್ದಳು. ಅವಳ ಅಜ್ಜಿಗೆ ಜೋಗುಳ ಬರುವುದು ಕನ್ನಡದಲ್ಲಿ ಮಾತ್ರ. ಮಕ್ಕಳ ಸಿನಿಮಾಕ್ಕೆ ಡಬ್ಬಿಂಗ್ ಬೇಕೋ ಬೇಡವೋ ಅಂತ ದೊಡ್ಡವರು ಎಷ್ಟು ವರ್ಷ ಜಗಳ ಮಾಡಿದರೂ, ಕತ್ತಲೆಯಲ್ಲಿ ಅಜ್ಜಿಯ ಕಿವಿಯಲ್ಲಿ ಯಾರೋ ಒಬ್ಬರು ಕತೆ ಹೇಳುತ್ತಲೇ ಇರಬೇಕಾಯಿತು.

ಹಾಡುಗಳ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಮೊದಲ ಭಾಗದ ಹಾಡುಗಳು ಬಾಯಿಗೆ ಬೇಗ ಬರುತ್ತಿದ್ದವು, ಮಕ್ಕಳು ಎರಡು ದಿನದಲ್ಲಿ ಕಲಿಯುತ್ತಿದ್ದರು. ಇದರಲ್ಲಿ ಎಲ್ಸಾಳ ಎರಡು ದೊಡ್ಡ ಹಾಡುಗಳೂ ಏರಿ ಏರಿ ಹೋಗಿ, ಮಕ್ಕಳ ಗಂಟಲಿಗೆ ಸಿಗದ ಜಾಗದಲ್ಲಿ ನಿಲ್ಲುತ್ತವೆ. ಆನಾಳ ಪ್ರಿಯಕರ ಕ್ರಿಸ್ಟಾಫ್ ಹಿಮಸಾರಂಗಗಳ ನಡುವೆ ಹಾಡುವುದು 80ರ ದಶಕದ ಪ್ರೇಮಗೀತೆಯ ಧಾಟಿಯಲ್ಲಿದೆ, ಅದು ಟಿಕೆಟ್ ಕೊಂಡ ಅಪ್ಪ ಅಮ್ಮಂದಿರಿಗಾಗಿ ಇಟ್ಟದ್ದು. ನನ್ನ ಮಗಳು ಅವತ್ತು ಆ ಹಾಡಿನ ಹೊತ್ತಿಗೆ ಪಾಪ್‌ಕಾರ್ನ್ ಡಬ್ಬಿಯೊಳಗೆ ಕೈ ಹಾಕಿ ತಳ ಕೆರೆಯುತ್ತಿದ್ದಳು. ಇವನ್ನೆಲ್ಲ ಬಿಡಬಹುದು. ನನ್ನೊಳಗೆ ಕೂತದ್ದು ಆನಾ ಗವಿಯಲ್ಲಿ ಒಬ್ಬಳೇ ಹಾಡುವ ಹಾಡು. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಅಜ್ಜ ಕೊಟ್ಟ ಉಡುಗೊರೆ

ಸಿನಿಮಾದ ಶುರುವಿನಲ್ಲಿ ಅಪ್ಪ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ರಾತ್ರಿ ಒಂದು ಕತೆ ಹೇಳುತ್ತಾನೆ. ನಿಮ್ಮಜ್ಜ ಕಾಡಿನ ಜನಕ್ಕೆ ಒಂದು ದೊಡ್ಡ ಅಣೆಕಟ್ಟು ಕಟ್ಟಿಸಿ ಕೊಟ್ಟ, ಅದು ಸ್ನೇಹದ ಉಡುಗೊರೆ ಅಂತ. ಸಿನಿಮಾದ ಕೊನೆಯ ಹೊತ್ತಿಗೆ ಗೊತ್ತಾಗುವುದೇನೆಂದರೆ ಉಡುಗೊರೆಯೇ ಮೋಸ. ಆ ಕಟ್ಟೆಯಿಂದ ಕಾಡಿನವರ ನೆಲ ಸೊರಗಲಿ, ಅವರು ತನ್ನ ಕೈಕೆಳಗೆ ಬರಲಿ ಅಂತ ಅಜ್ಜ ಮಾಡಿದ ಹಂಚಿಕೆ. ಕೇಳಲು ಬಂದ ಕಾಡಿನ ಮುಖಂಡನನ್ನು ಅವನೇ ಕೊಂದಿರುತ್ತಾನೆ, ಅದೂ ಅವನ ಕೈಯಲ್ಲಿ ಆಯುಧ ಇಲ್ಲದಾಗ.

ಮಕ್ಕಳ ಸಿನಿಮಾದಲ್ಲಿ ಇದು ಸಣ್ಣ ಮಾತಲ್ಲ. ಕತೆಯಲ್ಲಿ ಕೆಟ್ಟವನು ಬೇರೆ ಊರಿನವನಾಗಿರುತ್ತಾನೆ, ಇಲ್ಲವೆಂದರೆ ಮಂತ್ರವಾದಿ. ಇಲ್ಲಿ ಕೆಟ್ಟವನು ಮನೆಯ ಗೋಡೆಗೆ ಫೋಟೋ ಹಾಕಿಕೊಂಡ ಅಜ್ಜ. ಅವನು ಸತ್ತು ಎಷ್ಟೋ ವರ್ಷವಾಗಿದೆ, ಶಿಕ್ಷೆ ಕೊಡಲು ಯಾರೂ ಇಲ್ಲ, ಆದರೆ ಅವನು ಕಟ್ಟಿದ್ದು ಹಾಗೇ ನಿಂತಿದೆ. ಮೊಮ್ಮಗಳು ಅದರ ಮುಂದೆ ಬಂದು ನಿಲ್ಲುತ್ತಾಳೆ. ಈ ಸಿನಿಮಾದ ಕತೆ ಗೋಜಲು, ಮಕ್ಕಳಿಗೆ ಅರ್ಥವಾಗುವುದಿಲ್ಲ ಅಂತ ಬಹಳ ಜನ ಅಂದರು. ನನ್ನ ಮಗಳು ಐದು ವರ್ಷಕ್ಕೇ ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದಳು, "ಆ ಅಜ್ಜ ಸುಳ್ಳ ಹೇಳಿದ್ದ, ಅದಕ್ಕ ಆನಾ ಡ್ಯಾಮ್ ಒಡಸಿದ್ಲು." ಮಕ್ಕಳಿಗೆ ಅರ್ಥವಾಗಲು ಇನ್ನೇನು ಬೇಕು?

ನಮ್ಮ ಡ್ಯಾಮಿನ ಕತೆ ಹೀಗಿಲ್ಲ. ಆಲಮಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಾಗ ಯಾರೂ ಮೋಸ ಮಾಡಲು ಬಂದಿರಲಿಲ್ಲ. ಬರದ ನಾಡಿಗೆ ನೀರು ಬೇಕಿತ್ತು. ನಮ್ಮ ದೊಡ್ಡಮ್ಮನನ್ನು ಕೊಟ್ಟದ್ದು ವಿಜಯಪುರ ಕಡೆಯ ಒಂದು ಹಳ್ಳಿಗೆ. ಮೊದಲು ಬಿಳಿಜೋಳ ಬಿಟ್ಟರೆ ಅಲ್ಲಿ ಬೇರೆ ಬೆಳೆಯೇ ಇರಲಿಲ್ಲ. ಬೇಸಿಗೆಯಲ್ಲಿ ಹೋದರೆ ಕೊಡ ಎಣಿಸಿ ನೀರು ಕೊಡುತ್ತಿದ್ದಳು. ಈಗ ಅವಳ ಮಕ್ಕಳು ಕಾಲುವೆ ನೀರಿನಲ್ಲಿ ಉಳ್ಳಾಗಡ್ಡಿ, ಕಬ್ಬು ಬೆಳೆಯುತ್ತಾರೆ. ಸಿನಿಮಾದ ಡ್ಯಾಮಿನಿಂದ ಒಬ್ಬರ ಹೊಲಕ್ಕೂ ನೀರು ಹೋಗುವುದಿಲ್ಲ, ಒಂದು ಬಲ್ಬೂ ಉರಿಯುವುದಿಲ್ಲ. ಆಲಮಟ್ಟಿಯ ವಿದ್ಯುತ್ ಮನೆಯೊಂದೇ 290 ಮೆಗಾವ್ಯಾಟಿನದು. ಹಾಗಾಗಿ ನಮ್ಮ ಡ್ಯಾಮನ್ನೂ ಒಡೆಯಬೇಕು ಅಂತ ನಾನು ಎಂದೂ ಅನ್ನಲಾರೆ. ದೊಡ್ಡಮ್ಮನ ಮನೆಯ ನೀರು ನಮ್ಮ ಮನೆಯ ಮೇಲೆ ನಿಂತಿದೆ. ಎರಡೂ ನಿಜ.

ಸಿನಿಮಾದ ಮೇಲೆ ನನಗೆ ಮೊದಲು ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಅದರಲ್ಲಿ ಹಿನ್ನೀರು ಅನ್ನುವುದೇ ಇಲ್ಲ. ಕಟ್ಟೆಯ ಹಿಂದೆ ನೀರೇನೋ ಇದೆ, ಆದರೆ ಅದರ ಅಡಿಯಲ್ಲಿ ಏನಿತ್ತು ಅಂತ ಯಾರೂ ಕೇಳುವುದಿಲ್ಲ. ಕಾಡಿನವರ ನೆಲ ಸೊರಗಿತು ಅನ್ನುವುದು ಒಂದು ಮಾತಿನಲ್ಲಿ ಬಂದು ಹೋಗುತ್ತದೆ. ಒಂದು ಗುಡಿಸಲಾದರೂ, ಒಂದು ಮೇವಿನ ಬಯಲಾದರೂ ನೀರಿಗೆ ಹೋದದ್ದನ್ನು ತೋರಿಸಿಲ್ಲ. ನೀರಿಗೆ ನೆನಪಿರುತ್ತದೆ ಅಂತ ಹಿಮದ ಗೊಂಬೆ ಓಲಾಫ್ ಸಿನಿಮಾದುದ್ದಕ್ಕೂ ಹೇಳುತ್ತಾನೆ, ಕತೆ ನಿಂತಿರುವುದೇ ಅದರ ಮೇಲೆ. ಅಷ್ಟು ನೆನಪಿರುವ ನೀರು ತನ್ನ ಅಡಿಯಲ್ಲಿದ್ದದ್ದನ್ನೇ ಹೇಗೆ ಮರೆಯಿತು?

ಬಾಗಿಲು ಬಿಚ್ಚಿದ ದಿನ

ನಾವು ಹಳೇ ಬಾಗಲಕೋಟೆಯ ಮನೆ ಬಿಟ್ಟದ್ದು 2000ದಲ್ಲಿ. ನನಗೆ ಹತ್ತು ವರ್ಷ, ತಮ್ಮನಿಗೆ ಏಳು. ಹೊಳೆಗೆ ಹತ್ತಿರದ ತಗ್ಗಿನ ಓಣಿ ನಮ್ಮದು. ಅದಕ್ಕೂ ಬಹಳ ಮೊದಲೇ ಸರ್ವೆಯವರು ಬಂದು ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದರು. ಪ್ರತಿ ವರ್ಷ ದೀಪಾವಳಿಗೆ ಅವ್ವ ಸುಣ್ಣ ಬಳಿಯುವಾಗ ಆ ನಂಬರನ್ನು ಮಾತ್ರ ಬಿಟ್ಟು ಸುತ್ತಲೂ ಬಳಿಯುತ್ತಿದ್ದಳು. ಅದನ್ನು ಅಳಿಸಿದರೆ ಪರಿಹಾರ ಸಿಗುವುದಿಲ್ಲ ಅಂತ ಯಾರೋ ಹೇಳಿದ್ದರು. ಹಾಗಾಗಿ ವರ್ಷದಿಂದ ವರ್ಷಕ್ಕೆ ಗೋಡೆ ಬೆಳ್ಳಗಾಗುತ್ತಾ, ಆ ಕೆಂಪು ನಂಬರಿನ ಸುತ್ತ ಸುಣ್ಣ ದಪ್ಪಗಾಗುತ್ತಾ ಬಂದಿತ್ತು. ಬೆರಳಿಟ್ಟರೆ ನಂಬರು ಒಂದು ತಗ್ಗಿನಲ್ಲಿ ಕೂತಂತೆ ತಾಗುತ್ತಿತ್ತು.

ಮನೆ ಬಿಡುವುದು ಅಂದರೆ ಸಾಮಾನು ಹೊತ್ತು ಹೋಗುವುದಷ್ಟೇ ಅಲ್ಲ, ಮನೆಯನ್ನೇ ಬಿಚ್ಚುವುದು. ಎಲ್ಲರೂ ಹಾಗೇ ಮಾಡಿದರು. ಮೊದಲು ಮಾಳಿಗೆಯ ಮಣ್ಣು ಕೆಳಗೆ ಇಳಿಸಿದರು. ಆಮೇಲೆ ಜಂತಿ, ಆಮೇಲೆ ತೊಲೆ. ಮೇಲೆ ಆಕಾಶ ಕಾಣುವ ಪಡಸಾಲೆಯಲ್ಲಿ ಅವ್ವ ಒಲೆ ಹಚ್ಚಿ ಎರಡು ದಿನ ಅಡುಗೆ ಮಾಡಿದಳು. ತಲಬಾಗಿಲಿನ ಚೌಕಟ್ಟು ತೆಗೆಯುವ ದಿನ ಅಪ್ಪ ಬಡಿಗೇರ ಕಾಕಾನನ್ನು ಕರೆದುಕೊಂಡು ಬಂದರು. ಕಾಕಾ ಹಾರೆ ಹಾಕುವ ಮೊದಲು ಹೊಸ್ತಿಲಿಗೆ ಕೈ ಮುಗಿದ. ಅವ್ವ ಅರಿಷಿಣ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಪಕ್ಕಕ್ಕೆ ಸರಿದಳು. ಅವಳು ಅಳುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಅವಳು ಅಳಲಿಲ್ಲ. ಸಾರಿನ ಡಬ್ಬಿ ಎಲ್ಲಿ ಇಟ್ಟೆ ಅಂತ ನನ್ನನ್ನು ಕೇಳಿದಳು. ಅದು ಸಿಕ್ಕ ಮೇಲೆ ಹಗ್ಗ ಕೇಳಿದಳು. ಹಗ್ಗ ಸಿಕ್ಕ ಮೇಲೆ ಹಾಸಿಗೆ ಕಟ್ಟಿದಳು. ಟ್ರ್ಯಾಕ್ಟರ್ ಬಂತು. ತಮ್ಮನ ಮೂಗು ಒರೆಸಿ ಅವನನ್ನು ಮೇಲೆ ಹತ್ತಿಸಿದಳು.

ಆನಾ ಗವಿಯಲ್ಲಿ ಹಾಡುವುದು ಇದೇ ಹಾಡು. ಅಕ್ಕ ಹೋದಳು, ಗೆಳೆಯ ಓಲಾಫ್ ಕಣ್ಣೆದುರಿಗೇ ಹಿಮದ ಪುಡಿಯಾಗಿ ಹಾರಿಹೋದ, ಕತ್ತಲೆ. ಏಳಲೂ ಶಕ್ತಿ ಇಲ್ಲ. ಮುಂದೇನು ಅಂತ ಅವಳಿಗೆ ಗೊತ್ತಿಲ್ಲ, ಮುಂದಿನ ಒಂದು ಹೆಜ್ಜೆ ಮಾತ್ರ ಗೊತ್ತು. ಆ ಒಂದನ್ನು ಇಡುತ್ತಾಳೆ, ಆಮೇಲೆ ಇನ್ನೊಂದು. ದನಿ ನಡುವೆ ಒಡೆಯುತ್ತದೆ, ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ, ಅದನ್ನು ಹಾಗೇ ಬಿಟ್ಟಿದ್ದಾರೆ. ಥಿಯೇಟರಿನಲ್ಲಿ ಆ ಹಾಡು ಬಂದಾಗ ಅವ್ವನಿಗೆ ನಾನು ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಪರದೆ ನೋಡುತ್ತಿದ್ದಳು. ದುಃಖದಲ್ಲಿರುವ ಮನುಷ್ಯ ಹೇಗೆ ಏಳುತ್ತಾನೆ ಅಂತ ಇಷ್ಟು ಸರಿಯಾಗಿ ತೋರಿಸಿದ ಜಾಗ ದೊಡ್ಡವರ ಸಿನಿಮಾಗಳಲ್ಲೂ ನನಗೆ ಜಾಸ್ತಿ ಸಿಕ್ಕಿಲ್ಲ. ಅದನ್ನು ಮಕ್ಕಳಿಗಾಗಿ ಮಾಡಿದ್ದಾರೆ ಅನ್ನುವುದಕ್ಕೆ ನಾನು ಈ ಸಿನಿಮಾವನ್ನು ಇನ್ನೂ ಪ್ರೀತಿಸುತ್ತೇನೆ.

ಕೊನೆಯ ಗಳಿಗೆ

ಗವಿಯಿಂದ ಹೊರಬಂದ ಆನಾ ಕಲ್ಲಿನ ದೈತ್ಯರನ್ನು ಎಬ್ಬಿಸುತ್ತಾಳೆ. ಅವರು ಎಸೆದ ಬಂಡೆಗಳಿಂದ ಡ್ಯಾಮ್ ಒಡೆಯಲಿ ಅಂತ ಅದರ ಮೇಲೇ ಓಡುತ್ತಾಳೆ. ಒಡೆದರೆ ತನ್ನ ಊರು ಅರೆಂಡೆಲ್ ಹೋಗುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮಾಡುತ್ತಾಳೆ. ಅಜ್ಜನ ತಪ್ಪಿಗೆ ತನ್ನ ಊರನ್ನೇ ಕೊಡುತ್ತಾಳೆ. ಡ್ಯಾಮ್ ಒಡೆಯುತ್ತದೆ, ನೀರು ಗೋಡೆಯಂತೆ ಎದ್ದು ಬರುತ್ತದೆ. ಮೂರು ತಿಂಗಳ ಹಿಂದೆ ಪ್ರವಾಹ ಕಂಡ ಕಣ್ಣಿಗೆ ಅದು ಬರೀ ಚಿತ್ರ ಆಗಿರಲಿಲ್ಲ, ನಾನು ಕುರ್ಚಿಯ ಕೈ ಹಿಡಿದು ಕೂತಿದ್ದೆ. ಅಷ್ಟರಲ್ಲಿ ಎಲ್ಸಾ ನೀರಿನಿಂದಲೇ ಆದ ಕುದುರೆ ಏರಿ ಬಂದು, ಊರಿನ ಮುಂದೆ ನಿಂತು, ಎರಡೂ ಕೈ ಚಾಚಿ ನೀರನ್ನು ಹಿಮ ಮಾಡಿ ನಿಲ್ಲಿಸಿಬಿಡುತ್ತಾಳೆ. ಒಂದು ಹಂಚೂ ಒದ್ದೆಯಾಗುವುದಿಲ್ಲ.

ಥಿಯೇಟರಿನಲ್ಲಿ ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ನನಗೆ ಯಾರೋ ಕೈಯಲ್ಲಿದ್ದದ್ದನ್ನು ಕಸಿದುಕೊಂಡಂತೆ ಆಯಿತು.

ಈಗ ಯಾಕೆ ಅಂತ ಹೇಳಬಲ್ಲೆ. ಸಿನಿಮಾದವರು ಊರಿನ ಜನರನ್ನು ಮೊದಲೇ ಗುಡ್ಡದ ಮೇಲೆ ಕಳಿಸಿ ಇಟ್ಟಿದ್ದರು. ಊರು ಮುಳುಗಿದ್ದರೂ ಒಂದು ಜೀವ ಹೋಗುತ್ತಿರಲಿಲ್ಲ. ಹೋಗುತ್ತಿದ್ದದ್ದು ಮನೆ, ಬೀದಿ, ಅರಮನೆ. ಆಮೇಲೆ ಗುಡ್ಡದ ಮೇಲಿನ ಜನ ಹೊಸ ಜಾಗ ಹುಡುಕಿ, ಕಾಡಿನವರ ಹತ್ತಿರ ಹೋಗಿ, ಇಲ್ಲಿ ಸ್ವಲ್ಪ ನೆಲ ಕೊಡುತ್ತೀರಾ ಅಂತ ಕೇಳಬೇಕಾಗುತ್ತಿತ್ತು. ಹಾಗೆ ಕೇಳುವ ಒಂದು ದೃಶ್ಯ ಇದ್ದಿದ್ದರೆ! ಕಟ್ಟೆಯ ಮುಂದಿನವರಿಗೂ ಹಿಂದಿನವರಿಗೂ ಅಲ್ಲಿ ನಿಜವಾದ ಭೇಟಿ ಆಗುತ್ತಿತ್ತು. ಎಲ್ಲ ಸಿದ್ಧ ಮಾಡಿಟ್ಟುಕೊಂಡು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು. ಆನಾ ಕೊಟ್ಟದ್ದನ್ನು ಅವಳ ಕೈಗೇ ವಾಪಸ್ ಇಟ್ಟರು. ವಾಪಸ್ ಬಂದ ಮೇಲೆ ಅದು ಕೊಟ್ಟ ಲೆಕ್ಕವೇ?

ಮಕ್ಕಳಿಗೆ ತಡೆದುಕೊಳ್ಳಲು ಆಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನನಗೆ ಹತ್ತು, ತಮ್ಮನಿಗೆ ಏಳು ಅಂದೆನಲ್ಲ. ನಮ್ಮ ಓಣಿಯ ಮಕ್ಕಳೆಲ್ಲ ಊರು ಹೋಗುವುದನ್ನು ನೋಡಿದೆವು. ಮುಳುಗಡೆಯವರಿಗೆ ಕಟ್ಟಿದ ನವನಗರಕ್ಕೆ ಬಂದ ಮೇಲೆ ಮೊದಲ ತಿಂಗಳು ನಮ್ಮ ಆಟವೇ ಊರು ಬಿಚ್ಚುವ ಆಟ. ಇಟ್ಟಿಗೆಯಲ್ಲಿ ಮನೆ ಕಟ್ಟಿ, ಸೀಮೆಸುಣ್ಣದಲ್ಲಿ ನಂಬರ್ ಬರೆದು, ಬಿಚ್ಚಿ, ಹೊತ್ತು, ಇನ್ನೊಂದು ಕಡೆ ಕಟ್ಟುತ್ತಿದ್ದೆವು. ಇಲ್ಲಿ ಓಣಿಗಳಿಗೆ ಹೆಸರಿರಲಿಲ್ಲ, ಸೆಕ್ಟರ್ ನಂಬರ್ ಇತ್ತು. ಆಟದಲ್ಲಿ ಮಾತ್ರ ನಾವು ಹಳೇ ಹೆಸರುಗಳನ್ನೇ ಇಡುತ್ತಿದ್ದೆವು. ದುಃಖ ಇತ್ತು, ಅದರ ಜೊತೆಗೇ ಆಟವೂ ಇತ್ತು. ಅಂಥ ಮಕ್ಕಳಿಗೆ ನಿಮ್ಮ ಕತೆಯ ಊರು ಮುಳುಗಿತು ಅಂತ ಹೇಳಿದರೆ ಅವರು ಕೇಳುವ ಮೊದಲ ಪ್ರಶ್ನೆ, ಆಮೇಲೆ ಎಲ್ಲಿ ಕಟ್ಟಿದರು ಅಂತ.

ಇದೇ ಯೋಚನೆಯಲ್ಲಿ ಸಾಮಿ ಜನರ ಬಗ್ಗೆ ಓದುತ್ತಾ ಹೋದೆ. ನಾರ್ವೆಯ ಉತ್ತರದ ತುದಿಯಲ್ಲಿ ಆಲ್ಟಾ ಅನ್ನುವ ಹೊಳೆ ಇದೆ. ಅದಕ್ಕೆ ಡ್ಯಾಮ್ ಕಟ್ಟುವ ಮೊದಲ ಯೋಜನೆಯಲ್ಲಿ ಮಾಸಿ ಅನ್ನುವ ಸಾಮಿ ಹಳ್ಳಿ ಪೂರ್ತಿ ಮುಳುಗಬೇಕಿತ್ತು. ಜನ ಎದ್ದು ನಿಂತರು, ಹಳ್ಳಿ ಮುಳುಗಿಸುವುದನ್ನು ಸರ್ಕಾರ ಕೈಬಿಟ್ಟಿತು, ಆದರೆ ಡ್ಯಾಮನ್ನು ಬಿಡಲಿಲ್ಲ. 1979ರಲ್ಲಿ ಸಾಮಿ ಯುವಕರು ಓಸ್ಲೋದಲ್ಲಿ ಪಾರ್ಲಿಮೆಂಟಿನ ಮುಂದೆ ತಮ್ಮ ಡೇರೆ ಹಾಕಿ ಉಪವಾಸ ಕೂತರು. 1981ರ ಜನವರಿಯ ಚಳಿಯಲ್ಲಿ, ದಾರಿಗೆ ಅಡ್ಡ ಕೂತಿದ್ದವರನ್ನು ನೂರಾರು ಪೊಲೀಸರು ಎತ್ತಿ ಹಾಕಿದರು. 1987ರಲ್ಲಿ ಡ್ಯಾಮ್ ಆಯಿತು. ಎರಡು ವರ್ಷದ ಮೇಲೆ, 1989ರಲ್ಲಿ, ಸಾಮಿ ಜನರಿಗೆ ನಾರ್ವೆಯಲ್ಲಿ ಅವರದೇ ಪಾರ್ಲಿಮೆಂಟ್ ಬಂತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಲ್ಲೋ ಹಿಮದ ನಾಡಿನ ಒಂದು ಹಳ್ಳಿ, ಅದರ ಮೇಲೂ ಯಾರೋ ನಕ್ಷೆಯಲ್ಲಿ ಗೆರೆ ಎಳೆದಿದ್ದರು, ಅಲ್ಲಿಯೂ ಯಾರದೋ ಅವ್ವ ಆ ಗೆರೆಯ ಕೆಳಗೆ ಅಡುಗೆ ಮಾಡಿದ್ದಳು. ಅಲ್ಲಿ ಹಳ್ಳಿ ಉಳಿಯಿತು, ಡ್ಯಾಮೂ ನಿಂತಿತು. ಇಲ್ಲಿ ಡ್ಯಾಮ್ ನಿಂತಿತು, ಹಳ್ಳಿಗಳು ಹೋದವು. ಡ್ಯಾಮ್ ಹೋಗಿ, ಊರಿಗೆ ಊರೂ ಉಳಿಯುವುದು ಸಿನಿಮಾದಲ್ಲಿ ಮಾತ್ರ.

ಅವ್ವನ ಮಾತು

ಇಷ್ಟೆಲ್ಲ ಹೇಳುವ ನನಗೆ ಅವ್ವನ ಮಾತು ಅಡ್ಡ ಬರುತ್ತದೆ. ಅವತ್ತು ಥಿಯೇಟರಿನಿಂದ ಹೊರಗೆ ಬರುವಾಗ ನಾನು ಸಿಡಿಮಿಡಿ ಮಾಡುತ್ತಿದ್ದೆ. ಊರು ಮುಳುಗಬೇಕಿತ್ತವಾ, ಸುಳ್ಳೇ ಉಳಿಸಿದರು ಅಂದೆ. ಅವಳು ಮೆಟ್ಟಿಲ ಮೇಲೆ ನಿಂತುಬಿಟ್ಟಳು. "ಹುಚ್ಚಿ, ಮುಳಗಬೇಕಿತ್ತು ಅಂತ ಯಾರರ ಅಂತಾರೇನ? ಉಳೀತಲ್ಲ, ಚಲೋ ಆತು. ಕತಿಯೊಳಗರ ಉಳೀಲಿ." ಆಮೇಲೆ ಮನೆ ತಲುಪುವವರೆಗೂ ಆ ವಿಷಯ ಎತ್ತಲಿಲ್ಲ.

ಅವಳು ಹೇಳಿದ್ದರ ಮುಂದೆ ನನ್ನ ವಾದ ಗಟ್ಟಿಯಾಗಿ ನಿಲ್ಲುವುದಿಲ್ಲ, ನನಗೆ ಗೊತ್ತು. ಮನೆ ಬಿಚ್ಚಿದವಳು ಅವಳು. ಹೊಸ ಮನೆಗೆ ಅದೇ ಚೌಕಟ್ಟು ಕೂರಿಸಿದಾಗ ಗೋಡೆಯ ಅಳತೆ ಸಣ್ಣದಾಗಿ, ಮೇಲಿನ ಕೆತ್ತನೆಯ ಪಟ್ಟಿಯನ್ನು ಎರಡು ಬೆರಳು ಕೊರೆಯಬೇಕಾಯಿತು. ಅವತ್ತು ಮಾತ್ರ ಅವಳು ಅತ್ತಳು. ಆದರೂ ನಾನು ನನ್ನ ಮಾತು ಬಿಡಲಾರೆ. ಅವ್ವನಿಗೆ ಉಳಿಯುವ ಊರು ಬೇಕು, ಏಕೆಂದರೆ ಅವಳಿಗೆ ಹೋಗುವುದು ಏನು ಅಂತ ಗೊತ್ತಿದೆ. ನನ್ನ ಮಗಳಿಗೆ ಅದು ಗೊತ್ತಿಲ್ಲ. ಅವಳು ಹುಟ್ಟಿದ್ದು ಸೆಕ್ಟರಿನಲ್ಲಿ. ಅವಳಿಗೆ ಹೇಳುವ ಕತೆಯಲ್ಲೂ ಊರು ಉಳಿದುಬಿಟ್ಟರೆ, ಕೊನೆಗೆ ಯಾರಾದರೂ ಕೈ ಚಾಚಿ ನೀರು ನಿಲ್ಲಿಸುತ್ತಾರೆ ಅಂತಲೇ ಅವಳು ನಂಬುತ್ತಾಳೆ. ನಮ್ಮ ನೀರು ಇನ್ನೂ ನಿಂತಿಲ್ಲ. ಆಲಮಟ್ಟಿಯ ಈಗಿನ ಮಟ್ಟ 519.6 ಮೀಟರ್. ಅದನ್ನು 524.256ಕ್ಕೆ ಏರಿಸಬಹುದು ಅಂತ 2010ರಲ್ಲೇ ಕೃಷ್ಣೆಯ ನೀರು ಹಂಚುವ ನ್ಯಾಯಮಂಡಳಿ ಹೇಳಿ ಆಗಿದೆ. ಇನ್ನೂ ಎಷ್ಟೋ ಹಳ್ಳಿಗಳ ಜನ ಸುಣ್ಣ ಬಳಿಯುವಾಗ ನಂಬರು ಬಿಟ್ಟು ಬಳಿಯುತ್ತಿದ್ದಾರೆ. ಸಿನಿಮಾದ ಮೂರನೆಯ ಭಾಗ 2027ಕ್ಕೆ ಬರುತ್ತದಂತೆ, ಮಗಳು ಈಗಲೇ ದಿನ ಎಣಿಸುತ್ತಿದ್ದಾಳೆ. ಮುಳುಗಡೆಗೂ ಮುಂದಿನ ಭಾಗ ಇದೆ ಅಂತ ಅವಳಿಗೆ ಹೇಗೆ ಹೇಳಲಿ?

ಈ ಮೇ ತಿಂಗಳಲ್ಲಿ ಹಿನ್ನೀರು ಚೆನ್ನಾಗಿ ಇಳಿದಾಗ ಮೂವರೂ ಹಳೇ ಓಣಿಯ ಕಡೆ ಹೋಗಿದ್ದೆವು. ಮಗಳು ಬರುವುದು ಮೊದಲ ಸಲ. ನೆಲ ಬಿರುಕು ಬಿಟ್ಟು ಹಪ್ಪಳದ ಹಾಗೆ ಎದ್ದಿತ್ತು. ಗೋಡೆ ಒಂದೂ ಇಲ್ಲ, ಬುನಾದಿಯ ಕಲ್ಲುಗಳು ಅಲ್ಲಲ್ಲಿ. ಅವ್ವ ಯಾವ ಗುರುತು ಹಿಡಿದಳೋ, ಬಿದ್ದಾಳೆಂದು ಕೈ ಹಿಡಿಯಲು ಹೋದ ನನ್ನನ್ನೂ ಬಿಟ್ಟು ಸರಸರ ನಡೆದು ಒಂದು ಕಡೆ ಕೂತುಬಿಟ್ಟಳು. "ಇಲ್ಲೇ ನೋಡ" ಅಂದಳು. ಕೈಯಿಂದ ರಾಡಿ ಸರಿಸಿದರೆ ಕಲ್ಲಿನ ದುಂಡನೆಯ ಅಂಚು. ನಮ್ಮ ಒರಳು. ನೆಲದಲ್ಲಿ ಹೂತದ್ದು, ಅವತ್ತು ಎತ್ತಲು ಆಗಿರಲಿಲ್ಲ, ಬಿಟ್ಟು ಬಂದಿದ್ದೆವು.

ಮಗಳು ಒಂದು ಕಡ್ಡಿ ತಂದು ಒರಳಿನ ಕುಳಿಯಲ್ಲಿ ಗಟ್ಟಿಯಾಗಿದ್ದ ಮಣ್ಣು ಕೆದಕತೊಡಗಿದಳು. ಮೇಲೆ ಒಣಗಿದ ಮಣ್ಣು, ಕೆಳಗೆ ಇನ್ನೂ ಹಸಿ, ಕಪ್ಪು. ಎರಡು ಸಣ್ಣ ಬಸವನಹುಳುವಿನ ಚಿಪ್ಪು ಬಂದವು. ಕುಳಿಯ ಒಳಗೋಡೆಗೆ ಬೆರಳು ತಾಗಿದಾಗ, "ಅಜ್ಜಿ, ಒಳಗ ಎಷ್ಟ್ ನುಣ್ಣಗೈತಿ!" ಅಂದಳು. ಅವ್ವ ತನ್ನ ಅತ್ತೆಯ ಹೆಸರು ಹೇಳಿದಳು, ಅತ್ತೆಯ ಅತ್ತೆಯ ಹೆಸರು ಹೇಳಿದಳು, ಯಾರ್ಯಾರು ಎಷ್ಟು ವರ್ಷ ಅದರಲ್ಲಿ ಖಾರ ಕುಟ್ಟಿದರು ಅಂತ ಹೇಳುತ್ತಾ ಹೋದಳು. ಮಗಳು ಆಮೇಲೆ ತಲೆ ಎತ್ತಿ, ನೀರು ಎಲ್ಲೀತನ ಬರ್ತೈತಿ ಅಂತ ಕೇಳಿದಳು. ಅವ್ವ ಎದ್ದು ನಿಂತು ಕೈಯನ್ನು ತನ್ನ ತಲೆಯ ಮೇಲೆ ಎತ್ತಿ ತೋರಿಸಿದಳು. ಅದು ಸಾಲದು ಅನ್ನಿಸಿ ದೂರದ ಜಾಲಿ ಗಿಡದ ಕಡೆ ಬೆರಳು ಮಾಡಿದಳು. ಮಗಳು ಗಿಡವನ್ನು ನೋಡಿದಳು, ಒರಳನ್ನು ನೋಡಿದಳು, ಏನೂ ಹೇಳದೆ ಮತ್ತೆ ಕೆದಕಲು ಕೂತಳು. ಅವಳು ಪೂರ್ತಿ ಮಣ್ಣು ತೆಗೆದು, ಬಾಟಲಿಯ ನೀರು ಹಾಕಿ ತೊಳೆಯುವ ತನಕ ನಾವಿಬ್ಬರೂ ಕಾದೆವು.

ಜುಲೈನಲ್ಲಿ ನೀರು ಬಂತು. ಒರಳು ಮತ್ತೆ ಅಡಿಯಲ್ಲಿದೆ. ಮುಂದಿನ ಮೇ ತಿಂಗಳಲ್ಲಿ ಒಂದು ಬ್ರಷ್ ತೆಗೆದುಕೊಂಡು ಹೋಗೋಣ ಅಂತ ಮಗಳು ಹೇಳಿ ಇಟ್ಟಿದ್ದಾಳೆ.